ನಡೆಯುತ್ತಿರುವ ಕರ್ನಲ್‌ನಿಂದ ಸಾಧನ ಬಿಡಿಸುವ ಕೆಲಸ: ಫ್ರೀಬಿಎಸ್‌ಡಿಯ ‘ಡೆವ್‌ಸಿಟಿಎಲ್’ ವಿಮರ್ಶೆ

ನಾನು ನೋಡಿಕೊಳ್ಳುವ ಶೇಖರಣಾ ಸರ್ವರ್‌ಗಳಲ್ಲೊಂದರ ನಾಲ್ಕು ಪೋರ್ಟಿನ ನೆಟ್‌ವರ್ಕ್ ಕಾರ್ಡು ಕಳೆದ ವರ್ಷ ತೊಂದರೆ ಕೊಡತೊಡಗಿತು. ಅದರ ಮೂರನೆಯ ಪೋರ್ಟು ದಿನಕ್ಕೆ ಎರಡು ಮೂರು ಬಾರಿ ಸ್ತಬ್ಧವಾಗುತ್ತಿತ್ತು. ಕೇಬಲ್ ಬದಲಿಸಿದರೂ, ಸ್ವಿಚ್ಚಿನ ಬೇರೆ ಪೋರ್ಟಿಗೆ ಹಾಕಿ ನೋಡಿದರೂ ಸರಿಹೋಗಲಿಲ್ಲ. ಯಂತ್ರವನ್ನು ಮರುಆರಂಭಿಸಿದರೆ ಮಾತ್ರ ಕೆಲವು ಗಂಟೆಗಳ ಕಾಲ ನೆಟ್ಟಗೆ ನಡೆಯುತ್ತಿತ್ತು. ಆದರೆ ಉಳಿದ ಮೂರು ಪೋರ್ಟುಗಳ ಮೂಲಕ ಹಗಲೂ ರಾತ್ರಿಯೂ ಕಡತಗಳು ಓಡಾಡುತ್ತಿದ್ದುದರಿಂದ, ಒಂದು ಪೋರ್ಟಿನ ಸಲುವಾಗಿ ಇಡೀ ಯಂತ್ರವನ್ನು ನಿಲ್ಲಿಸಲು ಯಾರೂ ಒಪ್ಪುವಂತಿರಲಿಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೆ: ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಆ ಒಂದು ಪೋರ್ಟನ್ನು ಮಾತ್ರ ಕೈಬಿಡಬೇಕು, ಮತ್ತೆ ಹೊಸದಾಗಿ ಕಂಡಂತೆ ಅದನ್ನು ಗುರುತಿಸಿ ಕೆಲಸಕ್ಕೆ ಹಚ್ಚಬೇಕು, ಈ ನಡುವೆ ಮಿಕ್ಕವರಿಗೆ ಏನೂ ಗೊತ್ತಾಗಬಾರದು. ಯುನಿಕ್ಸ್ ಮಾದರಿಯ ಕಾರ್ಯಾಚರಣಾ ವ್ಯವಸ್ಥೆಯಾದ ಫ್ರೀಬಿಎಸ್‌ಡಿಯಲ್ಲಿ ಈ ಕೆಲಸಕ್ಕೆಂದೇ ಇರುವ ‘ಡೆವ್‌ಸಿಟಿಎಲ್’ ಎಂಬ ಉಪಕರಣವನ್ನು ಅಂದಿನಿಂದ ನಿಯಮಿತವಾಗಿ ಬಳಸುತ್ತಿದ್ದೇನೆ. ಅದರ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಡೆವ್‌ಸಿಟಿಎಲ್ ಪ್ರತ್ಯೇಕವಾಗಿ ಕೊಳ್ಳಬೇಕಾದ ಅಥವಾ ಇಳಿಸಿಕೊಳ್ಳಬೇಕಾದ ತಂತ್ರಾಂಶವಲ್ಲ. ಮೂಲವ್ಯವಸ್ಥೆಯ ಜೊತೆಯಲ್ಲೇ ಬರುತ್ತದೆ. ಇದನ್ನು 2015ರಲ್ಲಿ ಫ್ರೀಬಿಎಸ್‌ಡಿಗೆ ಸೇರಿಸಿದವರು ಆ ಯೋಜನೆಯ ಹಿರಿಯ ಡೆವಲಪರ್‌ಗಳಲ್ಲೊಬ್ಬರಾದ ಜಾನ್ ಬಾಲ್ಡ್ವಿನ್. ಅದಕ್ಕೂ ಮೊದಲು ನನ್ನಂಥವರಿಗಿದ್ದ ದಾರಿಯೆಂದರೆ ಸಾಧನವನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ನ ಮಾಡ್ಯೂಲನ್ನೇ (ಕರ್ನಲ್‌ಗೆ ಬೇಕಾದಾಗ ಸೇರಿಸಿ ತೆಗೆಯಬಹುದಾದ ತುಣುಕನ್ನೇ) ಕರ್ನಲ್‌ನಿಂದ ಇಳಿಸುವುದು. ಹಾಗೆ ಮಾಡಿದರೆ ಆ ಡ್ರೈವರ್ ನಡೆಸುತ್ತಿರುವ ನಾಲ್ಕೂ ಪೋರ್ಟುಗಳು ಒಟ್ಟಿಗೆ ಹೋಗುತ್ತವೆ. ಅಷ್ಟೇ ಅಲ್ಲ, ಇಂಟೆಲ್ ನೆಟ್‌ವರ್ಕ್ ಕಾರ್ಡುಗಳ ಡ್ರೈವರ್ ಫ್ರೀಬಿಎಸ್‌ಡಿಯ ಜೊತೆ ಬರುವ ‘ಜೆನೆರಿಕ್’ ಕರ್ನಲ್‌ನೊಳಗೇ ಸೇರಿಕೊಂಡಿರುವುದರಿಂದ ಇಳಿಸಲು ಮಾಡ್ಯೂಲೇ ಇರುವುದಿಲ್ಲ. ಆದ್ದರಿಂದ ಒಂದೊಂದು ಸಾಧನವನ್ನು ಹೆಸರಿಡಿದು ಕರೆದು ಮಾತಾಡಿಸುವ ಅವಕಾಶ ಸಿಕ್ಕಿದ್ದೇ ದೊಡ್ಡ ಅನುಕೂಲ. ಉಪಕರಣವನ್ನು ಸೂಪರ್‌ಯೂಸರ್ ಅಧಿಕಾರ ಇರುವವರು ಮಾತ್ರ ನಡೆಸಬಹುದು. ಅದು ಹಾಗೆಯೇ ಇರಬೇಕು.

ಮೊದಲು ನಿತ್ಯದ ಬಳಕೆಯಲ್ಲಿದ್ದ ಸರ್ವರ್‌ನ ಮೇಲೆ ಕೈಯಿಡದೆ, ಅದೇ ಮಾದರಿಯ ಕಾರ್ಡು ಇದ್ದ ಒಂದು ಪರೀಕ್ಷಾ ಯಂತ್ರದಲ್ಲಿ ಪ್ರಯೋಗ ಮಾಡಿದೆ. ‘ಡಿಟ್ಯಾಚ್ ಐಜಿಬಿ2’ ಎಂದು ಆದೇಶ ಕೊಟ್ಟ ಕೂಡಲೆ (ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಮೂರನೆಯ ಪೋರ್ಟಿನ ಹೆಸರು ಐಜಿಬಿ2) ಆ ಹೆಸರಿನ ನೆಟ್‌ವರ್ಕ್ ಇಂಟರ್‌ಫೇಸ್ ಪಟ್ಟಿಯಿಂದ ಮಾಯವಾಯಿತು. ಆದರೆ ಪಿಸಿಐ ಸಾಧನಗಳನ್ನು, ಅಂದರೆ ಮದರ್‌ಬೋರ್ಡಿನ ಸ್ಲಾಟಿಗೆ ಸೇರಿಸುವ ಕಾರ್ಡುಗಳಂಥವನ್ನು, ತೋರಿಸುವ ‘ಪಿಸಿಐಕಾನ್ಫ್’ ಆದೇಶದಲ್ಲಿ ಕಾರ್ಡಿನ ಆ ಭಾಗ ಇನ್ನೂ ಇತ್ತು; ‘ಐಜಿಬಿ2’ ಎಂಬ ಹೆಸರಿದ್ದ ಜಾಗದಲ್ಲಿ ‘ನನ್0’ ಎಂದು ತೋರಿಸುತ್ತಿತ್ತು, ಅಂದರೆ ಸಾಧನ ಇದೆ, ಅದನ್ನು ನಡೆಸುವ ಡ್ರೈವರ್ ಇಲ್ಲ. ‘ಅಟ್ಯಾಚ್’ ಎಂದು ಹೇಳಿದಾಗ ಡ್ರೈವರ್ ಮರಳಿ ಬಂದು, ಕಾರ್ಡಿನ ಆ ಭಾಗವನ್ನು ಮೊದಲಿನಿಂದ ಸಿದ್ಧಗೊಳಿಸಿತು. ‘ಡೆವ್‌ಡಿ’ ಎಂಬ ಸೇವೆ ಹೊಸ ಇಂಟರ್‌ಫೇಸ್ ಬಂದಿದ್ದನ್ನು ಗಮನಿಸಿ, ಸಂರಚನಾ ಕಡತದಲ್ಲಿ ಬರೆದಿಟ್ಟಿದ್ದ ಐಪಿ ವಿಳಾಸವನ್ನು ತಾನೇ ಕೊಟ್ಟಿತು. ಕಡತದಲ್ಲಿ ಬರೆಯದೆ ಕೈಯಿಂದ ಕೊಟ್ಟಿದ್ದ ಎರಡನೆಯ ವಿಳಾಸ ಮಾತ್ರ ಹೋಗಿಯೇ ಬಿಟ್ಟಿತ್ತು. ಇದು ಉಪಕರಣದ ದೋಷವಲ್ಲ, ಆದರೆ ಮೊದಲ ಸಲ ಬಳಸುವವರು ನೆನಪಿಡಬೇಕಾದ ಸಂಗತಿ.

ಈ ಉಪಕರಣದ ನಿಜವಾದ ಗುಣ ಇರುವುದು ‘ಡಿಟ್ಯಾಚ್’ ಮತ್ತು ‘ಡಿಲೀಟ್’ ಎಂಬ ಎರಡು ಕ್ರಿಯೆಗಳನ್ನು ಅದು ಬೇರೆ ಬೇರೆಯಾಗಿ ಇಟ್ಟಿರುವುದರಲ್ಲಿ. ಎತ್ತನ್ನು ನೊಗದಿಂದ ಬಿಚ್ಚುವುದು ಬೇರೆ, ಕೊಟ್ಟಿಗೆಯಿಂದಲೇ ಹೊರಗೆ ಕಳಿಸುವುದು ಬೇರೆ. ಡಿಟ್ಯಾಚ್ ನೊಗದಿಂದ ಬಿಚ್ಚುತ್ತದೆ: ಡ್ರೈವರ್ ತಾನು ಹಿಡಿದುಕೊಂಡಿದ್ದ ಇಂಟರಪ್ಟ್‌ಗಳನ್ನೂ ಮೆಮೊರಿಯನ್ನೂ ಬಿಟ್ಟುಕೊಟ್ಟು ಸರಿಯುತ್ತದೆ, ಸಾಧನ ಮಾತ್ರ ಕರ್ನಲ್‌ನ ಸಾಧನವೃಕ್ಷದಲ್ಲಿ ತನ್ನ ಕೊಂಬೆಯ ಮೇಲೇ ಇರುತ್ತದೆ. ಡಿಲೀಟ್ ಆ ಕೊಂಬೆಯನ್ನೇ ಕತ್ತರಿಸುತ್ತದೆ. ಆನಂತರ ಕರ್ನಲ್‌ನ ಲೆಕ್ಕದಲ್ಲಿ ಅಂಥದೊಂದು ಸಾಧನವೇ ಇಲ್ಲ. ದಿನನಿತ್ಯದ ಬಹುಪಾಲು ಕೆಲಸಗಳಿಗೆ ಮೊದಲನೆಯದೇ ಸಾಕು. ಎರಡನೆಯದು ಬೇಕಾಗುವುದು ಅಪರೂಪ, ಮತ್ತು ಅಪರೂಪದ ಕೆಲಸಕ್ಕೆ ಬೇರೆಯೇ ಹೆಸರು ಇರುವುದರಿಂದ ಅಭ್ಯಾಸಬಲದಿಂದ ಕೈತಪ್ಪಿ ಅದನ್ನು ಮಾಡಿಬಿಡುವ ಭಯ ಕಡಿಮೆ.

ಡಿಲೀಟ್ ಆದೇಶವನ್ನು ಪರೀಕ್ಷಿಸಿದಾಗ ನನಗೆ ಈ ಉಪಕರಣದ ಮೇಲೆ ಗೌರವ ಹುಟ್ಟಿತು. ಕಾರ್ಡು ಯಂತ್ರದಲ್ಲಿ ಕೂತಿರುವಾಗಲೇ ಡಿಲೀಟ್ ಎಂದಾಗ ಅದು ನಿರಾಕರಿಸಿತು. ಕಾರಣ ಸರಳ: ಕರ್ನಲ್ ಆ ಸಾಧನ ಸೇರಿರುವ ಬಸ್‌ಗೆ (ಸಾಧನಗಳನ್ನು ಯಂತ್ರಕ್ಕೆ ಜೋಡಿಸುವ ಸಂಪರ್ಕಮಾರ್ಗಕ್ಕೆ) ‘ಇದು ಇನ್ನೂ ಅಲ್ಲಿದೆಯೇ’ ಎಂದು ಕೇಳುತ್ತದೆ, ಇದೆ ಎಂಬ ಉತ್ತರ ಬಂದರೆ ಅಳಿಸಲು ಒಪ್ಪುವುದಿಲ್ಲ. ಭೌತಿಕವಾಗಿ ಇರುವ ವಸ್ತುವನ್ನು ಲೆಕ್ಕದಿಂದ ಅಳಿಸಬೇಕೆಂದರೆ ‘ಎಫ್’ ಎಂಬ ಬಲವಂತದ ಅಕ್ಷರವನ್ನು ನಿರ್ವಾಹಕರು ತಾವೇ ಸೇರಿಸಬೇಕು. ಹೀಗೆ ಅಳಿಸಿದ ಸಾಧನವನ್ನು, ಅದರ ಮೇಲಿನ ಬಸ್ ‘ರೀಸ್ಕ್ಯಾನ್’ ಆದೇಶದ ಮೂಲಕ ಮತ್ತೆ ಕಂಡುಹಿಡಿಯುವವರೆಗೆ ಬಳಸಲಾಗದು, ಆದ್ದರಿಂದ ಎಚ್ಚರದಿಂದ ಬಳಸಬೇಕು ಎಂದು ಕೈಪಿಡಿಯ ಪುಟದಲ್ಲೂ ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಬಲವಂತದ ಅಕ್ಷರ ಸೇರಿಸಿ ಅಳಿಸಿದೆ. ‘ಪಿಸಿಐಕಾನ್ಫ್’ ಪಟ್ಟಿಯಲ್ಲಿ ಈಗ ‘ನನ್’ ಎಂಬ ಸಾಲೂ ಇರಲಿಲ್ಲ. ಕಾರ್ಡು ಕೂತಿದ್ದ ಬಸ್‌ನ ಹೆಸರು ಹೇಳಿ ರೀಸ್ಕ್ಯಾನ್ ಮಾಡಿದೆ. ಪೋರ್ಟು ಮತ್ತೆ ಕಾಣಿಸಿಕೊಂಡಿತು, ಡ್ರೈವರ್ ತಾನಾಗಿ ಬಂದು ಸೇರಿಕೊಂಡಿತು. ಹತ್ತು ಬಾರಿ ಮಾಡಿದಾಗಲೂ ಹತ್ತು ಬಾರಿ ಸರಿಯಾಗಿ ಆಯಿತು.

ಆ ರಾತ್ರಿ ನಿಜವಾದ ಸರ್ವರ್‌ನಲ್ಲಿ ಡಿಟ್ಯಾಚ್ ಮತ್ತು ಅಟ್ಯಾಚ್ ಇಷ್ಟರಲ್ಲೇ ಪೋರ್ಟು ಚೇತರಿಸಿಕೊಂಡಿತು. ಉಳಿದ ಮೂರು ಪೋರ್ಟುಗಳ ಸಂಪರ್ಕ ಒಂದು ಕ್ಷಣವೂ ಕಡಿಯಲಿಲ್ಲ. ಕಾರ್ಡಿನ ರೋಗ ವಾಸಿಯಾಗಲಿಲ್ಲ ಎನ್ನುವುದು ನಿಜ, ಮೂರು ವಾರಗಳ ನಂತರ ಬಂದ ನಿಗದಿತ ನಿರ್ವಹಣಾ ಸಮಯದಲ್ಲಿ ಅದನ್ನು ಬದಲಿಸಲೇಬೇಕಾಯಿತು. ಆದರೆ ಆ ಮೂರು ವಾರ ಬಳಕೆದಾರರಿಗೆ ತೊಂದರೆಯಾಗದಂತೆ ಕಳೆದದ್ದು ಈ ಉಪಕರಣದಿಂದ.

ಇನ್ನು ನಾನು ಹೆಚ್ಚು ಕಾಲ ಯೋಚಿಸಿದ ವಿಷಯಕ್ಕೆ ಬರುತ್ತೇನೆ. ಸಾಧನವನ್ನು ಯಾರಾದರೂ ಬಳಸುತ್ತಿರುವಾಗ ‘ಡಿಟ್ಯಾಚ್’ ಎಂದರೆ ಏನಾಗಬೇಕು? ಫ್ರೀಬಿಎಸ್‌ಡಿಯ ನಿಯಮವೆಂದರೆ ಸಾಧನ ಕಾರ್ಯನಿರತವಾಗಿದ್ದರೆ ಆದೇಶ ವಿಫಲವಾಗಬೇಕು. ಅದಕ್ಕಿಂತ ಮುಖ್ಯವಾಗಿ, ಡ್ರೈವರ್‌ನ ಡಿಟ್ಯಾಚ್ ಕಾರ್ಯವು ‘ಆಗದು’ ಎಂಬ ಉತ್ತರವನ್ನು ಹಿಂದಿರುಗಿಸಬಲ್ಲದು, ಕರ್ನಲ್ ಆ ಉತ್ತರವನ್ನು ಮನ್ನಿಸುತ್ತದೆ. ಇದನ್ನು ಕಣ್ಣಾರೆ ನೋಡಲು ಪರೀಕ್ಷಾ ಯಂತ್ರದ ಪೋರ್ಟಿನ ಮೇಲೆ ಒಂದು ವಿಲ್ಯಾನ್ (ಅದೇ ಪೋರ್ಟಿನ ಮೇಲೆ ಬೇರ್ಪಡಿಸಿದ ವರ್ಚುವಲ್ ಜಾಲ) ಕಟ್ಟಿ ಡಿಟ್ಯಾಚ್ ಮಾಡಲು ಹೋದೆ. ಆದೇಶ ವಿಫಲವಾಯಿತು. ಕರ್ನಲ್‌ನ ಸಂದೇಶಗಳಲ್ಲಿ ‘ವಿಲ್ಯಾನ್ ಬಳಕೆಯಲ್ಲಿದೆ, ಮೊದಲು ಅದನ್ನು ಬಿಡಿಸಿ’ ಎಂಬ ಅರ್ಥದ ಸಾಲು ಇತ್ತು. ಬಲವಂತದ ಅಕ್ಷರ ಸೇರಿಸಿದರೂ ಡ್ರೈವರ್ ಮಣಿಯಲಿಲ್ಲ, ಏಕೆಂದರೆ ನಿರಾಕರಣೆ ಅದರ ಸ್ವಂತ ಡಿಟ್ಯಾಚ್ ಕಾರ್ಯದೊಳಗೇ ಇದೆ. ವಿಲ್ಯಾನನ್ನು ತೆಗೆದ ಮೇಲೆ ಸರಾಗವಾಗಿ ಬೇರ್ಪಟ್ಟಿತು. ನಿರ್ವಾಹಕರ ಕೈಗೆ ಅಧಿಕಾರ ಕೊಡುವ ಉಪಕರಣವೊಂದು ಹೀಗೆ ಕಾರಣ ಹೇಳಿ ತಡೆಯುವುದನ್ನು ನಾನು ತುಂಬ ಮೆಚ್ಚುತ್ತೇನೆ.

ಆದರೆ ಇದೇ ಪ್ರಯೋಗದ ಇನ್ನೊಂದು ಮುಖವನ್ನೂ ಹೇಳಬೇಕು. ವಿಲ್ಯಾನ್ ಇಲ್ಲದ, ಆದರೆ ದೂರದಿಂದ ಯಂತ್ರಕ್ಕೆ ಆದೇಶ ಕೊಡುವ ನನ್ನ ಎಸ್‌ಎಸ್‌ಎಚ್ ಸಂಪರ್ಕವೇ ಹಾದುಹೋಗುತ್ತಿದ್ದ ಪೋರ್ಟನ್ನು ಡಿಟ್ಯಾಚ್ ಮಾಡಿದಾಗ ಯಾವ ಪ್ರಶ್ನೆಯೂ ಬರಲಿಲ್ಲ. ಸಂಪರ್ಕ ಕಡಿದುಹೋಗಿ ಪರದೆ ನಿಶ್ಚಲವಾಯಿತು. ಡ್ರೈವರ್‌ನ ದೃಷ್ಟಿಯಲ್ಲಿ ಐಪಿ ವಿಳಾಸವಿರುವುದಾಗಲಿ, ಅದರ ಮೂಲಕ ಯಾರೋ ಕೆಲಸ ಮಾಡುತ್ತಿರುವುದಾಗಲಿ ‘ಕಾರ್ಯನಿರತ’ ಎನ್ನುವುದಕ್ಕೆ ಲಕ್ಷಣವಲ್ಲ. ಅಂದರೆ, ‘ಬಳಕೆಯಲ್ಲಿದೆಯೇ’ ಎಂಬ ಪ್ರಶ್ನೆಗೆ ಕರ್ನಲ್ ಕೊಡುವ ಉತ್ತರ ಆಯಾ ಡ್ರೈವರ್ ಬರೆದವರು ಎಷ್ಟು ಯೋಚಿಸಿದ್ದಾರೆ ಎಂಬುದರ ಮೇಲೆ ನಿಂತಿದೆ. ಒಬ್ಬರು ವಿಲ್ಯಾನನ್ನು ಗಮನಿಸಿದ್ದಾರೆ, ಇನ್ನೊಬ್ಬರು ಏನನ್ನೂ ಗಮನಿಸಿರಲಿಕ್ಕಿಲ್ಲ. ಆದ್ದರಿಂದ ಆದೇಶ ಯಶಸ್ವಿಯಾಯಿತು ಎಂದ ಮಾತ್ರಕ್ಕೆ ಆ ಸಾಧನವನ್ನು ಯಾರೂ ಬಳಸುತ್ತಿರಲಿಲ್ಲ ಎಂದು ತಿಳಿಯಬಾರದು. ಡಿಸ್ಕ್ ನಿಯಂತ್ರಕವನ್ನು ಬಿಡಿಸುವ ಮುನ್ನ ಅದರ ಮೇಲಿನ ಜೆಡ್‌ಎಫ್‌ಎಸ್ ಪೂಲ್ ಅನ್ನು (ಡಿಸ್ಕುಗಳ ಶೇಖರಣಾ ಗುಂಪನ್ನು) ಎಕ್ಸ್‌ಪೋರ್ಟ್ ಮಾಡಿ ವ್ಯವಸ್ಥೆಯಿಂದ ಬೇರ್ಪಡಿಸುವುದು ಅಥವಾ ಆ ಡಿಸ್ಕನ್ನು ಆಫ್‌ಲೈನ್ ಮಾಡುವುದು ನಿರ್ವಾಹಕರದೇ ಹೊಣೆ.

ಈ ವಿನ್ಯಾಸದ ಬೆಲೆ ತಿಳಿಯಬೇಕಾದರೆ ಲಿನಕ್ಸ್ ಅದೇ ಕೆಲಸವನ್ನು ಹೇಗೆ ಮಾಡುತ್ತದೆ ಎಂದು ನೋಡಬೇಕು. ನನ್ನ ಹೊಣೆಯಲ್ಲಿರುವ ಯಂತ್ರಗಳಲ್ಲಿ ಹೆಚ್ಚಿನವು ಲಿನಕ್ಸ್‌ನವೇ ಆಗಿರುವುದರಿಂದ ಈ ಹೋಲಿಕೆಯನ್ನು ದೂರ ನಿಂತು ಮಾಡುತ್ತಿಲ್ಲ. ಲಿನಕ್ಸ್‌ನಲ್ಲಿ ಪ್ರತ್ಯೇಕ ಆದೇಶವಿಲ್ಲ. ‘ಸಿಸ್‌ಎಫ್‌ಎಸ್’ ಎಂಬ ಕಡತವ್ಯವಸ್ಥೆಯಲ್ಲಿ ಪ್ರತಿ ಪಿಸಿಐ ಸಾಧನಕ್ಕೂ ಒಂದು ಕೋಶವಿದ್ದು, ಅದರೊಳಗೆ ‘ರಿಮೂವ್’ ಎಂಬ ಕಡತವಿರುತ್ತದೆ. ಅದಕ್ಕೆ 1 ಎಂದು ಬರೆದರೆ ಸಾಧನ ಹೋಗುತ್ತದೆ, ‘ರೀಸ್ಕ್ಯಾನ್’ ಎಂಬ ಕಡತಕ್ಕೆ 1 ಎಂದು ಬರೆದರೆ ಹಿಂದಿರುಗುತ್ತದೆ. 2009ರಲ್ಲಿ ಬಂದ 2.6.30 ಆವೃತ್ತಿಯಿಂದ ಈ ಸೌಲಭ್ಯವಿದೆ. ಸ್ಕಸಿ ಮತ್ತು ಸಾಟಾ ಡಿಸ್ಕುಗಳಿಗೆ ಹೀಗೆಯೇ ‘ಡಿಲೀಟ್’ ಎಂಬ ಕಡತವಿದೆ, ಯುಎಸ್‌ಬಿಗೂ ‘ರಿಮೂವ್’ ಕಡತವಿದೆ, ಪ್ರೊಸೆಸರ್ ಕೋರ್‌ಗಳಿಗೆ ‘ಆನ್‌ಲೈನ್’ ಎಂಬ ಕಡತವಿದೆ. ಸ್ಕ್ರಿಪ್ಟ್ ಬರೆಯುವವರಿಗೆ ಇದಕ್ಕಿಂತ ಸರಳವಾದದ್ದು ಬೇರೆ ಸಿಗದು. ಆದರೆ ಆ ಕಡತ ನಿಮ್ಮಿಂದ ಏನನ್ನೂ ಕೇಳುವುದಿಲ್ಲ. ಸಾಧನ ಯಂತ್ರದಲ್ಲಿದೆಯೇ, ಅದರ ಮೇಲೆ ಕಡತವ್ಯವಸ್ಥೆ ಮೌಂಟ್ ಆಗಿದೆಯೇ, ಅದರ ಕೆಳಗೆ ಬೇರೆ ಸಾಧನಗಳಿವೆಯೇ ಎಂಬ ಯಾವ ವಿಚಾರಣೆಯೂ ಇಲ್ಲ. ನಾನು ಫ್ರೀಬಿಎಸ್‌ಡಿಯಲ್ಲಿ ವಿಲ್ಯಾನ್ ಕಟ್ಟಿ ಮಾಡಿದ ಪ್ರಯೋಗವನ್ನೇ ಲಿನಕ್ಸ್‌ನಲ್ಲಿ ಮಾಡಿದಾಗ, ಪೋರ್ಟಿನ ಜೊತೆಗೆ ಅದರ ಮೇಲಿದ್ದ ವಿಲ್ಯಾನ್ ಕೂಡ ಮೌನವಾಗಿ ಅಳಿಸಿಹೋಯಿತು.

ಈ ಮೌನದಿಂದ ನನಗೆ ಒಮ್ಮೆ ದೊಡ್ಡ ಪೆಟ್ಟು ಬಿದ್ದಿದೆ. ಕೆಲವು ವರ್ಷಗಳ ಹಿಂದೆ, ಬೆಳಗಿನ ಜಾವ ಒಂದು ಲಿನಕ್ಸ್ ಸರ್ವರ್‌ನಲ್ಲಿ ಪಿಸಿಐಗೆ ನೇರವಾಗಿ ಸೇರುವ ಎನ್‌ವಿಎಂಇ ಬಗೆಯ ಕೆಟ್ಟ ಡಿಸ್ಕೊಂದನ್ನು ತೆಗೆಯಲು ಹೊರಟು, ಡಿಸ್ಕಿನ ವಿಳಾಸದ ಬದಲು ಅದಕ್ಕಿಂತ ಮೇಲಿದ್ದ, ಹಲವು ಸಾಧನಗಳನ್ನು ಜೋಡಿಸುವ ಪಿಸಿಐ ಸೇತುವೆಯ ವಿಳಾಸಕ್ಕೆ 1 ಎಂದು ಬರೆದುಬಿಟ್ಟೆ. ಎರಡು ವಿಳಾಸಗಳ ನಡುವೆ ಒಂದೇ ಅಂಕಿಯ ವ್ಯತ್ಯಾಸವಿತ್ತು. ಸೇತುವೆಯನ್ನು ತೆಗೆದರೆ ಅದರ ಅಡಿಯಲ್ಲಿರುವ ಎಲ್ಲ ಮಕ್ಕಳೂ ಅದರೊಂದಿಗೆ ಹೋಗುತ್ತವೆ. ಅದರ ಅಡಿಯಲ್ಲಿ ಒಟ್ಟು ನಾಲ್ಕು ಡಿಸ್ಕುಗಳೂ ನೆಟ್‌ವರ್ಕ್ ಕಾರ್ಡೂ ಇದ್ದವು. ಒಂದು ಸೆಕೆಂಡಿನೊಳಗೆ ಯಂತ್ರ ನನ್ನ ಕೈತಪ್ಪಿತು. ತಪ್ಪು ನನ್ನದೇ, ಅದರಲ್ಲಿ ಎರಡನೆಯ ಮಾತಿಲ್ಲ. ದತ್ತಾಂಶದ ಇನ್ನೊಂದು ಪ್ರತಿ ಬೇರೆ ಯಂತ್ರದಲ್ಲಿ ಇದ್ದುದರಿಂದ ನಷ್ಟವಾಗಲಿಲ್ಲ. ಆದರೆ ಅಂದು ‘ಇದರ ಕೆಳಗೆ ಐದು ಸಾಧನಗಳಿವೆ, ಅವು ಬಳಕೆಯಲ್ಲಿವೆ’ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ನಾನು ನಿಲ್ಲುತ್ತಿದ್ದೆ. ಡೆವ್‌ಸಿಟಿಎಲ್ ಕೂಡ ಮಕ್ಕಳ ಪಟ್ಟಿಯನ್ನು ಓದಿ ಹೇಳುವುದಿಲ್ಲ, ಆದರೆ ಸೇತುವೆ ಭೌತಿಕವಾಗಿ ಇರುವುದರಿಂದ ಬಲವಂತದ ಅಕ್ಷರವಿಲ್ಲದ ಡಿಲೀಟ್ ಅಲ್ಲಿಗೇ ನಿಲ್ಲುತ್ತಿತ್ತು. ಆ ಒಂದು ಅಕ್ಷರ ಬೆರಳಿಗೆ ಕೊಡುವ ಬಿಡುವು ಎಷ್ಟು ದೊಡ್ಡದು ಎನ್ನುವುದು ಅಂಥ ಹೊತ್ತಿನಲ್ಲಿ ಸಿಕ್ಕಿಬಿದ್ದವರಿಗೆ ಗೊತ್ತು.

ಲಿನಕ್ಸ್ ಹೀಗಿರುವುದು ಅಜಾಗರೂಕತೆಯಿಂದಲ್ಲ. ಅದರ ಹಿಂದೆ ಗಟ್ಟಿಯಾದ ವಾದವಿದೆ. ಥಂಡರ್‌ಬೋಲ್ಟ್ ಕೇಬಲನ್ನೋ ಮುಂಭಾಗದ ಗೂಡಿನಲ್ಲಿರುವ ಡಿಸ್ಕನ್ನೋ ಮನುಷ್ಯ ಯಾವ ಕ್ಷಣದಲ್ಲಾದರೂ ಕಿತ್ತುಹಾಕಬಹುದು. ಕಿತ್ತ ಮೇಲೆ ಆ ಸಾಧನದ ರಿಜಿಸ್ಟರ್ ಓದಲು ಹೋದರೆ ಎಲ್ಲ ಬಿಟ್‌ಗಳೂ 1 ಆಗಿರುವ ಸಂಖ್ಯೆಯಷ್ಟೇ ಬರುತ್ತದೆ. ಆಗ ಡ್ರೈವರ್ ‘ನಾನು ಒಪ್ಪುವುದಿಲ್ಲ’ ಎಂದು ಹೇಳುವುದಕ್ಕೆ ಅರ್ಥವಿಲ್ಲ, ವಸ್ತು ಆಗಲೇ ಹೋಗಿದೆ. ಆದ್ದರಿಂದ ಲಿನಕ್ಸ್‌ನಲ್ಲಿ ತೆಗೆಯುವ ಕಾರ್ಯ ವಿಫಲವಾಗುವಂತೆಯೇ ಇಲ್ಲ. ಹಲವು ಬಸ್‌ಗಳ ಡ್ರೈವರ್‌ಗಳು ಹಿಂದೆ ದೋಷಸಂಖ್ಯೆಯೊಂದನ್ನು ಹಿಂದಿರುಗಿಸುತ್ತಿದ್ದವು, ಆದರೆ ಕರ್ನಲ್ ಅದನ್ನು ಕಡೆಗಣಿಸುತ್ತಿತ್ತು. ಇದರಿಂದ ಡ್ರೈವರ್ ಬರೆಯುವವರು ದಾರಿತಪ್ಪುತ್ತಾರೆ ಎಂದು 2021ರಲ್ಲಿ ಬಸ್ ಮಟ್ಟದ ಆ ಕಾರ್ಯಕ್ಕೆ ಹಿಂದಿರುಗಿಸುವ ಮೌಲ್ಯವೇ ಇರದಂತೆ ಬದಲಾಯಿಸಲಾಯಿತು. ಯಾರೂ ಕೇಳದ ಉತ್ತರವನ್ನು ಕೊಡುವ ಅವಕಾಶವನ್ನೇ ತೆಗೆದುಹಾಕಿದ್ದು ಪ್ರಾಮಾಣಿಕ ಕ್ರಮ ಎಂದು ನಾನು ಒಪ್ಪುತ್ತೇನೆ.

ಆದರೂ ಈ ವಾದ ಎರಡು ಬೇರೆ ಸಂದರ್ಭಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ವಸ್ತು ಹೋಗಿಬಿಟ್ಟಿದೆ ಎಂದು ಯಂತ್ರಾಂಶವೇ ಬಂದು ಹೇಳುವುದು ಒಂದು, ವಸ್ತು ಇರುವಾಗಲೇ ಅದನ್ನು ಬಿಡಿಸಬಹುದೇ ಎಂದು ನಿರ್ವಾಹಕರು ಬಂದು ಕೇಳುವುದು ಇನ್ನೊಂದು. ಮೊದಲನೆಯದಕ್ಕೆ ಒಪ್ಪಿಗೆಯ ಪ್ರಶ್ನೆಯಿಲ್ಲ. ಎರಡನೆಯದಕ್ಕೆ ಖಂಡಿತ ಇದೆ. ಹಳೆಯ ಯುನಿಕ್ಸ್‌ಗಳು ಇದನ್ನು ಬಲ್ಲವಾಗಿದ್ದವು. ಐಬಿಎಂನ ಎಐಎಕ್ಸ್‌ನಲ್ಲಿ ‘ಆರ್‌ಎಂಡೆವ್’ ಆದೇಶ ಸಾಧನವನ್ನು ‘ಲಭ್ಯ’ ಎಂಬ ಸ್ಥಿತಿಯಿಂದ ‘ನಮೂದಿತ’ ಎಂಬ ಸ್ಥಿತಿಗೆ ಇಳಿಸುತ್ತದೆ, ದಾಖಲೆಯಿಂದಲೇ ಅಳಿಸಲು ಬೇರೆ ಅಕ್ಷರ ಬೇಕು, ಸಾಧನ ಬಳಕೆಯಲ್ಲಿದ್ದರೆ ಕೆಲಸ ನಿಲ್ಲುತ್ತದೆ. ಸನ್ ಕಂಪನಿಯ ಸೊಲಾರಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅಲ್ಲಿ ‘ಸಿಎಫ್‌ಜಿಎಡಿಎಂ’ ಆದೇಶದ ಜೊತೆಗೆ ಪುನರ್‌ಸಂರಚನೆಯ ಸಮನ್ವಯ ನೋಡಿಕೊಳ್ಳುವ ಸೇವೆಯೊಂದಿದ್ದು, ಸಾಧನವನ್ನು ತೆಗೆಯುವ ಮುನ್ನ ಅದನ್ನು ಬಳಸುವ ತಂತ್ರಾಂಶಗಳನ್ನು ವಿಚಾರಿಸುತ್ತಿತ್ತು, ನಿರ್ವಾಹಕರು ತಮ್ಮದೇ ಸ್ಕ್ರಿಪ್ಟ್ ಬರೆದು ಆ ವಿಚಾರಣೆಯಲ್ಲಿ ಸೇರಿಕೊಳ್ಳಬಹುದಿತ್ತು. ಅಷ್ಟು ಪೂರ್ಣವಾದ ವ್ಯವಸ್ಥೆ ಡೆವ್‌ಸಿಟಿಎಲ್‌ನಲ್ಲಿ ಇಲ್ಲ. ಆದರೆ ಕೇಳುವ ಪರಂಪರೆಯನ್ನು ಅದು ಉಳಿಸಿಕೊಂಡಿದೆ, ಮತ್ತು ನನ್ನ ಮಟ್ಟಿಗೆ ಇದೇ ಅದರ ಪಕ್ಷದಲ್ಲಿರುವ ದೊಡ್ಡ ಮಾತು.

ವರ್ಚುವಲ್ ಯಂತ್ರಗಳನ್ನು ನಡೆಸುವವರಿಗೆ ‘ಸೆಟ್ ಡ್ರೈವರ್’ ಎಂಬ ಆದೇಶ ಬಹಳ ಉಪಯುಕ್ತ. ಫ್ರೀಬಿಎಸ್‌ಡಿಯ ‘ಬಿಹೈವ್’ನಲ್ಲಿ ಒಂದು ಪಿಸಿಐ ಕಾರ್ಡನ್ನು ಅತಿಥಿ ಯಂತ್ರಕ್ಕೆ ನೇರವಾಗಿ ಒಪ್ಪಿಸಬೇಕಾದರೆ ಅದಕ್ಕೆ ‘ಪಿಪಿಟಿ’ ಎಂಬ ಡ್ರೈವರ್ ಹಿಡಿದಿರಬೇಕು. ಮೊದಲು ಇದನ್ನು ಬೂಟ್ ಸಮಯದ ಸಂರಚನಾ ಕಡತದಲ್ಲಿ ಬರೆದು ಯಂತ್ರವನ್ನು ಮರುಆರಂಭಿಸಬೇಕಿತ್ತು. ಈಗ ನಡೆಯುತ್ತಿರುವಾಗಲೇ ಕಾರ್ಡಿನ ಡ್ರೈವರ್ ಅನ್ನು ಬದಲಿಸಬಹುದು, ಕೆಲಸ ಮುಗಿದ ಮೇಲೆ ‘ಕ್ಲಿಯರ್ ಡ್ರೈವರ್’ ಎಂದು ಹೇಳಿ ಮೂಲ ಡ್ರೈವರ್‌ಗೆ ಹಿಂದಿರುಗಿಸಬಹುದು. ಇಲ್ಲಿಯೂ ಸಾಧನಕ್ಕೆ ಈಗಾಗಲೇ ಡ್ರೈವರ್ ಇದ್ದರೆ ಬಲವಂತದ ಅಕ್ಷರವಿಲ್ಲದೆ ಮುಂದುವರಿಯುವುದಿಲ್ಲ. ಎಲ್ಲ ಆದೇಶಗಳಲ್ಲೂ ಒಂದೇ ಅಕ್ಷರಕ್ಕೆ ಒಂದೇ ಅರ್ಥವಿರುವುದು ಚಿಕ್ಕ ಸಂಗತಿಯಂತೆ ಕಂಡರೂ ಕಲಿಯುವವರಿಗೆ ದೊಡ್ಡ ಸಹಾಯ. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ‘ಡ್ರೈವರ್ ಓವರ್‌ರೈಡ್’, ‘ಅನ್‌ಬೈಂಡ್’ ಮತ್ತು ‘ಡ್ರೈವರ್ಸ್ ಪ್ರೋಬ್’ ಎಂಬ ಮೂರು ಕಡತಗಳಿಗೆ ಕ್ರಮವಾಗಿ ಬರೆಯಬೇಕು.

ಕೊರತೆಗಳನ್ನು ಮುಚ್ಚಿಡುವ ಅಗತ್ಯವಿಲ್ಲ. ಡೆವ್‌ಸಿಟಿಎಲ್‌ಗೆ ಸಾಧನಗಳ ಪಟ್ಟಿ ತೋರಿಸಲು ಬರುವುದಿಲ್ಲ. ವೃಕ್ಷವನ್ನು ನೋಡಲು ‘ಡೆವ್‌ಇನ್ಫೋ’ ಎಂಬ ಬೇರೆ ಆದೇಶವನ್ನೂ, ಪಿಸಿಐ ವಿಳಾಸಗಳಿಗೆ ‘ಪಿಸಿಐಕಾನ್ಫ್’ ಅನ್ನೂ ಆಶ್ರಯಿಸಬೇಕು. ವಿಫಲವಾದಾಗ ಅದು ಹೇಳುವುದು ‘ಡಿವೈಸ್ ಬ್ಯುಸಿ’ (ಸಾಧನ ಕಾರ್ಯನಿರತ) ಎಂಬಷ್ಟೇ ಮಾತು. ಯಾರು ಹಿಡಿದಿದ್ದಾರೆ, ಏಕೆ ಬಿಡುತ್ತಿಲ್ಲ ಎಂದು ತಿಳಿಯಬೇಕಾದರೆ ಕರ್ನಲ್ ಸಂದೇಶಗಳನ್ನು ಹುಡುಕಬೇಕು, ಅಲ್ಲಿಯೂ ಎಲ್ಲ ಡ್ರೈವರ್‌ಗಳು ಕಾರಣ ಬರೆಯುವುದಿಲ್ಲ. ಆದೇಶವನ್ನು ನಡೆಸದೆ, ನಡೆಸಿದರೆ ಏನೇನು ಹೋಗುತ್ತದೆ ಎಂದು ತೋರಿಸುವ ವ್ಯವಸ್ಥೆಯೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಅದರ ಅತಿ ದೊಡ್ಡ ಕೊರತೆ, ಏಕೆಂದರೆ ವೃಕ್ಷದ ತಿಳಿವಳಿಕೆ ಕರ್ನಲ್‌ನಲ್ಲಿ ಈಗಾಗಲೇ ಇದೆ, ಅದನ್ನು ಕೇಳಿ ಮುದ್ರಿಸುವುದಷ್ಟೇ ಬಾಕಿ.

ವ್ಯಾಪ್ತಿಯ ವಿಷಯದಲ್ಲಿ ಲಿನಕ್ಸ್ ಸ್ಪಷ್ಟವಾಗಿ ಮುಂದಿದೆ. ಫ್ರೀಬಿಎಸ್‌ಡಿಯಲ್ಲಿ ಸ್ಕಸಿ ಮತ್ತು ಸಾಟಾ ಡಿಸ್ಕುಗಳು ‘ಕ್ಯಾಮ್’ ಎಂಬ ಬೇರೆ ಪದರಕ್ಕೆ ಸೇರಿದವು, ಡೆವ್‌ಸಿಟಿಎಲ್ ನೋಡುವ ಸಾಧನವೃಕ್ಷಕ್ಕಲ್ಲ. ಆದ್ದರಿಂದ ಇಪ್ಪತ್ತನಾಲ್ಕು ಡಿಸ್ಕುಗಳ ಪೆಟ್ಟಿಗೆಯಲ್ಲಿ ಒಂದೇ ಒಂದು ಡಿಸ್ಕನ್ನು ಹೆಸರಿಡಿದು ಬಿಡಿಸುವ ಕೆಲಸಕ್ಕೆ ಇದು ಬಾರದು. ‘ಕ್ಯಾಮ್‌ಕಂಟ್ರೋಲ್’ ಕಡೆಗೆ ಹೋಗಬೇಕು. ಲಿನಕ್ಸ್‌ನಲ್ಲಿ ಅದೇ ಕೆಲಸ, ಮೌಂಟ್ ತೆಗೆದು, ಮಲ್ಟಿಪಾತ್ ನಕ್ಷೆಯನ್ನು (ಒಂದೇ ಡಿಸ್ಕಿಗಿರುವ ಹಲವು ದಾರಿಗಳ ದಾಖಲೆಯನ್ನು) ತೆಗೆದುಹಾಕಿ, ಬಫರ್‌ಗಳನ್ನು ಡಿಸ್ಕಿಗೆ ಬರೆಸಿದ ಮೇಲೆ, ಒಂದು ಕಡತಕ್ಕೆ 1 ಎಂದು ಬರೆಯುವಷ್ಟರಲ್ಲಿ ಮುಗಿಯುತ್ತದೆ. ಪ್ರೊಸೆಸರ್ ಕೋರ್‌ಗಳನ್ನಾಗಲಿ ಮೆಮೊರಿಯ ಖಂಡಗಳನ್ನಾಗಲಿ ಕೆಲಸದಿಂದ ಬಿಡಿಸುವುದು ಡೆವ್‌ಸಿಟಿಎಲ್‌ನ ವ್ಯಾಪ್ತಿಯಲ್ಲಿಲ್ಲ. ಲಿನಕ್ಸ್‌ನಲ್ಲಿ ಎರಡೂ ಸಾಧ್ಯ, ಮತ್ತು ಗಮನಿಸಬೇಕಾದ ಸಂಗತಿಯೆಂದರೆ ಮೆಮೊರಿಯ ವಿಷಯದಲ್ಲಿ ಲಿನಕ್ಸ್ ಕೂಡ ಕೇಳುತ್ತದೆ: ಸ್ಥಳಾಂತರಿಸಲಾಗದ ಪುಟಗಳು (ಮೆಮೊರಿಯ ಸಣ್ಣ ತುಣುಕುಗಳು) ಆ ಖಂಡದಲ್ಲಿದ್ದರೆ ಕಾರ್ಯನಿರತವಾಗಿದೆ ಎಂದು ಹೇಳಿ ನಿರಾಕರಿಸುತ್ತದೆ. ಅಲ್ಲಿ ಸಾಧ್ಯವಾದ ಶಿಷ್ಟಾಚಾರ ಪಿಸಿಐ ಕಡತದಲ್ಲೂ ಸಾಧ್ಯವಾಗಬಾರದೇ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಲಿನಕ್ಸ್‌ನ ಇನ್ನೊಂದು ತೊಡಕನ್ನೂ ಇಲ್ಲೇ ಹೇಳುತ್ತೇನೆ. ತೆಗೆಯುವ ಮತ್ತು ಮತ್ತೆ ಹುಡುಕುವ ಕೆಲಸಗಳು ಒಂದಕ್ಕೊಂದು ಅಡ್ಡ ಬರದಿರಲೆಂದು 2014ರಿಂದ ಇಡೀ ವ್ಯವಸ್ಥೆಗೆ ಒಂದೇ ಬೀಗವಿದೆ. ಯಾವುದೋ ಡ್ರೈವರ್ ಕೆಟ್ಟ ಕಾರ್ಡಿನ ಉತ್ತರಕ್ಕಾಗಿ ಕಾಯುತ್ತ ಕೂತರೆ, ಕಡತಕ್ಕೆ 1 ಬರೆದ ಶೆಲ್ ಕೊಲ್ಲಲಾಗದ ಸ್ಥಿತಿಯಲ್ಲಿ ನಿಲ್ಲುತ್ತದೆ, ಆ ಬೀಗ ಬೇಕಾದ ಬೇರೆ ಕೆಲಸಗಳೂ ಅದರ ಹಿಂದೆ ಸಾಲಾಗಿ ನಿಲ್ಲುತ್ತವೆ. ಹಾಗಾದಾಗ ಉಳಿಯುವ ದಾರಿ ಮರುಆರಂಭ ಒಂದೇ.

ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ಒತ್ತಿ ಹೇಳಬೇಕಾದ ಒಂದು ಎಚ್ಚರಿಕೆಯಿದೆ. ಡಿಟ್ಯಾಚ್ ಆಗಲಿ ಡಿಲೀಟ್ ಆಗಲಿ ಕರ್ನಲ್‌ನ ಲೆಕ್ಕಪುಸ್ತಕದ ಕೆಲಸ; ಸ್ಲಾಟಿಗೆ ಹರಿಯುವ ವಿದ್ಯುತ್ತನ್ನು ಅದು ಕಡಿಯುವುದಿಲ್ಲ. ಹಾಟ್‌ಪ್ಲಗ್‌ಗೆಂದು (ವಿದ್ಯುತ್ ಆರಿಸದೆ ಹಾಕಿ ತೆಗೆಯಲೆಂದು) ವಿನ್ಯಾಸಗೊಳಿಸದ ಸ್ಲಾಟಿನಿಂದ ಕಾರ್ಡನ್ನು ಯಂತ್ರ ನಡೆಯುತ್ತಿರುವಾಗ ಎಳೆದರೆ ಕಾರ್ಡೂ ಬೋರ್ಡೂ ಸುಡಬಹುದು, ಸಾಫ್ಟ್‌ವೇರ್‌ನಲ್ಲಿ ಎಷ್ಟು ಚೆನ್ನಾಗಿ ಬಿಡಿಸಿದ್ದರೂ ಅದು ರಕ್ಷಣೆ ಕೊಡುವುದಿಲ್ಲ. ನನ್ನ ಆ ನಾಲ್ಕು ಪೋರ್ಟಿನ ಕಾರ್ಡು ಅಂಥ ಸ್ಲಾಟಿನಲ್ಲಿ ಇದ್ದುದರಿಂದಲೇ ಮೂರು ವಾರ ಕಾಯಬೇಕಾಯಿತು. ಹಾಟ್‌ಪ್ಲಗ್ ಸೌಲಭ್ಯವಿರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟುಗಳಲ್ಲಿ ಸಾಮಾನ್ಯವಾಗಿ ಒಂದು ಗುಂಡಿಯೂ ದೀಪವೂ ಇರುತ್ತವೆ. ಗುಂಡಿ ಒತ್ತಿದರೆ ದೀಪ ಐದು ಸೆಕೆಂಡು ಮಿನುಗುತ್ತದೆ, ಅಷ್ಟರೊಳಗೆ ಮತ್ತೆ ಒತ್ತಿದರೆ ಕೋರಿಕೆ ರದ್ದಾಗುತ್ತದೆ, ಒತ್ತದಿದ್ದರೆ ಸಾಧನವನ್ನು ಬಿಡಿಸಿ ವಿದ್ಯುತ್ ಕಡಿಯಲಾಗುತ್ತದೆ, ದೀಪ ಆರಿದ ಮೇಲೆ ಮಾತ್ರ ಕಾರ್ಡಿಗೆ ಕೈಹಾಕಬೇಕು. ಮಾನದಂಡ ಬರೆದವರು ಮನುಷ್ಯನ ಕೈಗೆ ಐದು ಸೆಕೆಂಡು ಮರುಯೋಚನೆಯ ಸಮಯ ಕೊಟ್ಟಿರುವುದನ್ನು ನೋಡಿದಾಗಲೆಲ್ಲ, ಆ ಬೆಳಗಿನ ಜಾವ ನಾನು ಸೇತುವೆಗೆ ಬರೆದ 1 ನೆನಪಾಗುತ್ತದೆ.

ಶೇಖರಣಾ ಸರ್ವರ್, ಫೈರ್‌ವಾಲ್ ಅಥವಾ ಬಿಹೈವ್ ಯಂತ್ರಗಳನ್ನು ಫ್ರೀಬಿಎಸ್‌ಡಿಯಲ್ಲಿ ನಡೆಸುತ್ತಿರುವ ಎಲ್ಲರಿಗೂ ನಾನು ಡೆವ್‌ಸಿಟಿಎಲ್ ಅನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಡಿಸ್ಕುಗಳನ್ನು ಒಂದೊಂದಾಗಿ ಬಿಡಿಸುವುದೇ ಮುಖ್ಯ ಕೆಲಸವಾಗಿರುವವರಿಗೆ ಮಾತ್ರ ಇದು ಸಾಲದು. ಬಳಸುವ ಮುನ್ನ ಯಂತ್ರದ ಸೀರಿಯಲ್ ಅಥವಾ ಐಪಿಎಂಐ ಕನ್ಸೋಲ್ (ಆ ಪೋರ್ಟನ್ನು ನೆಚ್ಚದೆ ಯಂತ್ರವನ್ನು ತಲುಪುವ ಪ್ರತ್ಯೇಕ ದಾರಿ) ತೆರೆದಿಟ್ಟುಕೊಳ್ಳಿ, ಏಕೆಂದರೆ ನೀವು ಬಿಡಿಸಲಿರುವ ಪೋರ್ಟಿನ ಮೂಲಕವೇ ನೀವು ಒಳಗೆ ಬಂದಿರಬಹುದು. ‘ಡೆವ್‌ಇನ್ಫೋ’ದಲ್ಲಿ ಸಾಧನದ ಮೇಲೂ ಕೆಳಗೂ ಯಾರಿದ್ದಾರೆ ಎಂದು ಓದಿ. ಮೊದಲು ಡಿಟ್ಯಾಚ್, ಅದು ಸಾಲದಿದ್ದರೆ ಮಾತ್ರ ಡಿಲೀಟ್. ನಮ್ಮಲ್ಲಿ ಈಗ ಬಲವಂತದ ಅಕ್ಷರವನ್ನು ಬಳಸುವ ಮುನ್ನ ಇನ್ನೊಬ್ಬ ನಿರ್ವಾಹಕರಿಗೆ ಫೋನ್ ಮಾಡಿ ವಿಳಾಸವನ್ನು ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಇಟ್ಟುಕೊಂಡಿದ್ದೇವೆ, ಲಿನಕ್ಸ್ ಯಂತ್ರಗಳಲ್ಲಿ ‘ರಿಮೂವ್’ ಕಡತಕ್ಕೆ ಬರೆಯುವಾಗಲೂ ಅದನ್ನೇ ಪಾಲಿಸುತ್ತೇವೆ. ಬದಲಿಸಿ ತೆಗೆದ ಹಳೆಯ ನಾಲ್ಕು ಪೋರ್ಟಿನ ಕಾರ್ಡನ್ನು ಪರೀಕ್ಷಾ ಯಂತ್ರಕ್ಕೆ ಹಾಕಿಟ್ಟಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರುವವರು ಡಿಟ್ಯಾಚ್ ಆದೇಶವನ್ನು ಮೊದಲು ಅದರ ಮೂರನೆಯ ಪೋರ್ಟಿನ ಮೇಲೆ ಕಲಿಯುತ್ತಾರೆ.